ಮಗಳಿಗೊಂದು ಪತ್ರ: ಆ ಒಂದು ಎಲ್‌ಬಿ

ಭದ್ರಾವತಿ

ಚಿ. ವಸುಧಾಳಿಗೆ ನಿನ್ನ ತಂದೆಯ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ನೀನು ಇಂಗ್ಲೆಂಡಿನ ಲಫ್ಬರೋ ಸೇರಿದೆ, ಕೋಣೆ ಚೆನ್ನಾಗಿದೆ, ಕಿಟಕಿಯಿಂದ ಓಟದ ಟ್ರ್ಯಾಕ್ ಕಾಣುತ್ತದೆ ಎಂದು ನಿನ್ನ ಅಮ್ಮ ಹೇಳಿದಳು. ನೀನು ಫೋನಿನಲ್ಲಿರುವಾಗಲೇ ನನ್ನ ಕೈಗೆ ಕೊಡಲು ಬಂದಳು. ನಾನು ಸ್ನಾನಕ್ಕೆ ಹೊರಟುಬಿಟ್ಟೆ. ಈ ಮಾತು ಫೋನಿನಲ್ಲಿ ಆಗುವಂಥದ್ದಲ್ಲ. ನೀನು ಮಧ್ಯೆ ಬಾಯಿ ಹಾಕುತ್ತೀಯೆ, ನಾನು ದನಿ ಏರಿಸುತ್ತೇನೆ. ಅದಕ್ಕೇ ಕಾಗದ. ಬರೆದು ಮುಗಿಸಿದ ಮೇಲೆ ಅವಳೇ ಮೊಬೈಲಿನಲ್ಲಿ ಫೋಟೊ ತೆಗೆದು ಕಳಿಸುತ್ತಾಳಂತೆ. ಅಂದರೆ ನಿನಗಿಂತ ಮೊದಲು ಅವಳು ಓದುತ್ತಾಳೆ. ಓದಲಿ.

ಪ್ರೇಕ್ಷಕರ ಗದ್ದಲಕ್ಕೆ ಅಂಪೈರ್‌ಗಳ ತೀರ್ಪು ವಾಲುತ್ತದೆ ಎಂಬ ನಿನ್ನ ಸಂಶೋಧನೆಯ ಮಾತಿನಿಂದ, ನೀನು ಹೊರಡುವ ಹಿಂದಿನ ರಾತ್ರಿ ನಡೆದ ಜಗಳ ಇಬ್ಬರಿಗೂ ಗೊತ್ತು, ಮತ್ತೆ ಬರೆಯುವುದಿಲ್ಲ. ಅನ್ನದ ತಟ್ಟೆ ಬಿಟ್ಟು ಏಳಬಾರದಿತ್ತು ಎಂದು ನಿನ್ನ ಅಮ್ಮ ತೀರ್ಪು ಕೊಟ್ಟಿದ್ದಾಳೆ. ಅದಕ್ಕೆ ರಿವ್ಯೂ ಇಲ್ಲ, ಒಪ್ಪಿಕೊಂಡಿದ್ದೇನೆ. ಆದರೆ ನಿನ್ನ ಮಾತುಗಳಲ್ಲಿ ಒಂದು ಮಾತ್ರ ಹೋಗದೆ ಉಳಿದಿದೆ. ನಾನು ಅಂಪೈರ್ ಆಗಿ ನಿಂತಿದ್ದಾಗ, ಸ್ಟಂಪಿಗೆ ಹೋಗುವ ಚೆಂಡಿಗೆ ಕಾಲು ಅಡ್ಡ ಬಂತೆಂದು ಕೊಟ್ಟ ಒಂದು ಔಟಿನ ಬಗ್ಗೆ ನೀನು ಹೇಳಿದ್ದು: "ಅಪ್ಪ, ನೀವು ಕೊಟ್ಟ ಆ ಎಲ್‌ಬಿ ಕೂಡ ಗದ್ದಲದ್ದೇ."

ನೀನು ಮೇಜಿನ ಮೇಲೆ ಬಿಟ್ಟುಹೋದ ಲೇಖನಗಳನ್ನು ಓದಿದೆ. ನಿಘಂಟು ಪಕ್ಕದಲ್ಲಿಟ್ಟುಕೊಂಡು, ಪೂರ್ತಿ ಓದಿದೆ. ಕೋಷ್ಟಕದ ಅಂಕಿಗಳಿಗೆ ನಕ್ಷತ್ರ ಏಕೆ ಹಾಕುತ್ತಾರೆಂದು ಎದುರು ಮನೆಯ ಗಣಿತದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದು ಅರ್ಧ ಅರ್ಥವಾಯಿತು, ಇನ್ನರ್ಧ ಅವರಿಗೂ ಆದಂತೆ ಕಾಣಲಿಲ್ಲ.

ಮೊದಲು ಫುಟ್‌ಬಾಲಿನದು ಓದಿದೆ. ಆಲನ್ ನೆವಿಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ್ದು. ಲಿವರ್‌ಪೂಲ್ ತವರಿನಲ್ಲಿ ಲೆಸ್ಟರ್ ಎದುರು ಆಡಿದ ಪಂದ್ಯದಿಂದ, ಚೆಂಡಿಗಾಗಿ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದ 47 ಪ್ರಸಂಗಗಳನ್ನು ಆರಿಸಿ 40 ರೆಫ್ರಿಗಳಿಗೆ ತೋರಿಸಿದರು. ಕೆಲವರಿಗೆ ಪ್ರೇಕ್ಷಕರ ಕೂಗು ಕೇಳಿಸಿದರು, ಉಳಿದವರಿಗೆ ಬರೀ ಚಿತ್ರ. ಕೂಗು ಕೇಳಿದವರು ತವರು ತಂಡದ ಮೇಲೆ ಕೊಟ್ಟ ಫೌಲ್ ಶೇ 15.5ರಷ್ಟು ಕಡಿಮೆ. ಇದನ್ನು ನೀನು ಆ ರಾತ್ರಿ ನನ್ನ ಮುಖಕ್ಕೆ ಹಿಡಿದೆ. ಆದರೆ ಸರಿಯಾಗಿ ನೋಡು: ಫಲಿತಾಂಶದ ಭಾರವೆಲ್ಲ ತವರಿನವರ ಮೇಲೆ ಕೊಡದೆ ಬಿಟ್ಟ ಫೌಲ್‌ಗಳಲ್ಲಿದೆ. ಗದ್ದಲವು ರೆಫ್ರಿಯನ್ನು ಹಿಂಜರಿಸಿತು, ಊದಬೇಕಾದ ಸೀಟಿಯನ್ನು ತಡೆಯಿತು. ನಾನಾದರೋ ಬೆರಳೆತ್ತಿದವನು!

ಗೆದ್ದೆ ಎಂದುಕೊಂಡು ಎರಡನೆಯದನ್ನು ತೆರೆದೆ. ಸಾಚೇತಿ, ಗ್ರೆಗರಿ-ಸ್ಮಿತ್, ಪ್ಯಾಟನ್ ಎಂಬ ಮೂವರು 2015ರಲ್ಲಿ ಬರೆದದ್ದು, ಟೆಸ್ಟ್ ಪಂದ್ಯಗಳ ಎಲ್‌ಬಿ ಲೆಕ್ಕ. ಇಬ್ಬರೂ ತವರಿನ ಅಂಪೈರ್‌ಗಳಿದ್ದ ಕಾಲದಲ್ಲಿ ಹೊರಗಿನ ಬ್ಯಾಟ್ಸ್‌ಮನ್‌ಗಳು ಹೆಚ್ಚು ಎಲ್‌ಬಿ ಆಗುತ್ತಿದ್ದರು. 1994ರಿಂದ ಒಬ್ಬರು ತಟಸ್ಥರು, ಅಂದರೆ ಮೂರನೇ ದೇಶದವರಾದರು, ಅಂತರ ಇಳಿಯಿತು. 2002ರಿಂದ ಇಬ್ಬರೂ ತಟಸ್ಥರು, ಅಂತರ ಹೇಳಹೆಸರಿಲ್ಲದಂತಾಯಿತು. ಇಲ್ಲಿ ಸೀಟಿ ತಡೆಯುವ ಮಾತಿಲ್ಲ, ಎತ್ತಿದ ಬೆರಳಿನದೇ ಲೆಕ್ಕ. ಲೇಖನ ಮಡಚಿಟ್ಟು ಹೊರಗೆ ಹೋಗಿ ಗಿಡಗಳಿಗೆ ನೀರು ಹಾಕಿದೆ. ಅವುಗಳಿಗೆ ಬೆಳಿಗ್ಗೆಯೇ ಹಾಕಿತ್ತು.

ಈಗ ಆ ಚೆಂಡಿಗೆ ಬರುತ್ತೇನೆ. ನೀನೂ ಅಲ್ಲಿದ್ದೆ, ಸ್ಕೋರರ್ ಮೇಜಿನ ಪಕ್ಕ ಕುಳಿತು ನಿನ್ನದೇ ನೋಟ್‌ಬುಕ್ಕಿನಲ್ಲಿ ಚುಕ್ಕೆ ಇಡುತ್ತಿದ್ದೆ. ಆದರೆ ನಾನು ನಿಂತ ಜಾಗದಿಂದ ನೀನು ನೋಡಿಲ್ಲ. ಮ್ಯಾಟಿಂಗ್ ಪಿಚ್. ಬೌಲರ್ ನಮ್ಮೂರಿನವನು, ಬ್ಯಾಟ್ಸ್‌ಮನ್ ಶಿವಮೊಗ್ಗದವನು, ಸುತ್ತ ನಿಂತವರೆಲ್ಲ ಕಾರ್ಖಾನೆಯ ಮೊದಲ ಪಾಳಿ ಮುಗಿಸಿ ಬಂದ ನಮ್ಮ ಜನ. ಅಂಪೈರ್ ಮೊದಲು ನೋಡುವುದು ಬೌಲರನ ಮುಂಗಾಲನ್ನು, ಗೆರೆ ದಾಟಿತೇ ಇಲ್ಲವೇ ಎಂದು. ಅಲ್ಲಿಂದ ಕಣ್ಣೆತ್ತಿ ಚೆಂಡನ್ನು ಹಿಡಿಯುವಷ್ಟರಲ್ಲಿ ಅದು ಅರ್ಧ ದಾರಿ ಸಾಗಿರುತ್ತದೆ. ಬಿದ್ದದ್ದು ಎಲ್ಲಿ, ತಾಗಿದ್ದು ಎಲ್ಲಿ, ಪ್ಯಾಡ್ ಅಡ್ಡ ಬರದಿದ್ದರೆ ಒಂಬತ್ತು ಇಂಚು ಅಗಲದ ಆ ಮೂರು ಕೋಲುಗಳಿಗೆ ಬಡಿಯುತ್ತಿತ್ತೇ ಎಂಬುದನ್ನೆಲ್ಲ ಅಷ್ಟರೊಳಗೆ ಕಟ್ಟಬೇಕು. ಮ್ಯಾಟಿನ ಮೇಲೆ ಚೆಂಡು ಪುಟಿಯುವುದು ಹೆಚ್ಚು. ಆದ್ದರಿಂದ ಎತ್ತರದ ಅನುಮಾನ ಯಾವಾಗಲೂ ಇರುತ್ತದೆ.

ಆ ಹುಡುಗ ಮುಂಗಾಲನ್ನು ಪೂರ್ತಿ ಚಾಚಿದ್ದ. ಚೆಂಡು ಬಿದ್ದು ಒಳಗೆ ತಿರುಗಿತು. ತಾಗಿದ್ದು ಪ್ಯಾಡಿನಲ್ಲಿ ಮೊಣಕಾಲಿನ ಬಳಿ ಇರುವ ದಪ್ಪ ಉರುಳೆಗೆ. ಉರುಳೆಯ ಮೇಲೋ ಕೆಳಗೋ? ನಾನು ಕಂಡಿದ್ದು ಕೆಳಗೆ. ಅವನು ಆಮೇಲೆ ಪ್ಯಾಡ್ ಬಾಗಿಸಿ ತೋರಿಸಿದ ಕೆಂಪು ಗುರುತು ಇದ್ದದ್ದು ಮೇಲೆ. ಅದು ಆ ಚೆಂಡಿನದೇ, ಹಿಂದಿನ ಓವರಿನದೇ ಯಾರು ಬಲ್ಲರು. ಕೂಗು ಎದ್ದದ್ದು ಬೌಲರ್ ಬಾಯಿ ತೆರೆಯುವ ಮೊದಲು, ಇದಂತೂ ನಿಜ. ಬೆರಳು ಎದ್ದದ್ದು ಕೂಗಿನ ನಂತರ, ಅದೂ ನಿಜ. ಆದರೆ ಕೂಗಿನ ನಂತರ ಎಂದರೆ ಕೂಗಿನಿಂದ ಎಂದಾಯಿತೇ? ಅಪೀಲ್ ಇಲ್ಲದೆ ಅಂಪೈರ್ ಔಟ್ ಕೊಡುವಂತೆಯೇ ಇಲ್ಲ. ಇಂಥದ್ದೇ ಎಲ್‌ಬಿಗಳನ್ನು ಎಷ್ಟೋ ಸಲ ಅದೇ ಜನರ ಎದುರು ಕೊಡದೆ ಬಿಟ್ಟು ಬೈಗುಳ ತಿಂದಿದ್ದೇನೆ. ಅವು ಯಾವ ನೋಟ್‌ಬುಕ್ಕಿನಲ್ಲೂ ಇಲ್ಲ. ಕೊಡದ ಎಲ್‌ಬಿಗೆ ಸ್ಕೋರರ್ ಇಡುವುದು ಬರೀ ಒಂದು ಚುಕ್ಕೆ.

ಆ ಹುಡುಗ ಈಗ ಶಿವಮೊಗ್ಗದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾನೆ, ತಲೆ ನರೆತಿದೆ. ಫ್ಯಾನಿಗೆ ಕೆಪಾಸಿಟರ್ ತರಲು ಹೋದರೂ ಬಿಲ್ಲು ಬರೆಯುವ ಮೊದಲು ತನ್ನ ಮೊಣಕಾಲಿನ ಮೇಲೆ ನಾಲ್ಕು ಬೆರಳಿಟ್ಟು ತೋರಿಸುತ್ತಾನೆ. "ಇಲ್ಲಿ ಸಾರ್." ರಿಯಾಯಿತಿಯನ್ನೂ ಕೊಡುತ್ತಾನೆ. ಅವನು ಹಾಗೆ ತೋರಿಸಿ ತೋರಿಸಿ ಈಗ ನನ್ನ ನೆನಪಿನಲ್ಲೂ ಚೆಂಡು ಒಮ್ಮೊಮ್ಮೆ ಉರುಳೆಯ ಮೇಲೆ ತಾಗುತ್ತದೆ. ನನಗೆ ಭಯವಾಗುವುದು ಇಲ್ಲೇ. ನಾನು ಕಂಡದ್ದು ಯಾವುದು, ಕೇಳಿದ್ದು ಯಾವುದು, ಆಮೇಲೆ ಬೇರೆಯವರು ಹೇಳಿದ್ದು ಯಾವುದು ಎಂದು ಬೇರ್ಪಡಿಸಲು ಆಗುತ್ತಿಲ್ಲ.

ಆದ್ದರಿಂದ ನನ್ನದು ಸರಿಯಿತ್ತು ಎಂದು ಸಾಧಿಸಲು ಈ ಕಾಗದ ಬರೆಯುತ್ತಿಲ್ಲ. ನಿನ್ನ ವಾದದಲ್ಲಿ ಒಂದು ಬಿರುಕಿದೆ, ಅದನ್ನು ಹೇಳಬೇಕು. ನೂರಾರು ಟೆಸ್ಟ್‌ಗಳ ಲೆಕ್ಕ ಒಟ್ಟು ವಾಲಿಕೆಯನ್ನು ತೋರಿಸುತ್ತದೆ. ಅದರಲ್ಲಿ ಯಾವ ಎಲ್‌ಬಿ ಗದ್ದಲದ್ದು, ಯಾವುದು ಕಣ್ಣಿನದು ಎಂದು ಹೇಳುವುದಿಲ್ಲ, ಹೇಳಲು ಆಗುವುದೂ ಇಲ್ಲ. 1999ರ ಫೆಬ್ರುವರಿಯಲ್ಲಿ ದೆಹಲಿಯ ಕೋಟ್ಲಾದಲ್ಲಿ ನಮ್ಮ ಕುಂಬ್ಳೆ 74 ರನ್ನಿಗೆ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತಾಗ ಒಂದು ತುದಿಯಲ್ಲಿ ತಟಸ್ಥರಾದ ಸ್ಟೀವ್ ಬಕ್ನರ್, ಇನ್ನೊಂದು ತುದಿಯಲ್ಲಿ ನಮ್ಮ ಕರ್ನಾಟಕದವರೇ ಆದ ಎ. ವಿ. ಜಯಪ್ರಕಾಶ್. ಆ ಹತ್ತರಲ್ಲಿ ಮೂರು ಎಲ್‌ಬಿ. ತವರಿನ ಅಂಪೈರ್, ತವರಿನ ಬೌಲರ್, ಕಿವುಡಾಗುವಷ್ಟು ಕೂಗು. ನಿನ್ನಂಥವರ ಕೋಷ್ಟಕದಲ್ಲಿ ಆ ಪಂದ್ಯ ಒಂದು ಸಾಲು. ಆ ಸಾಲು ನೋಡಿ ಮೂರರಲ್ಲಿ ಒಂದರ ಮೇಲಾದರೂ ಬೆರಳಿಟ್ಟು "ಇದು ಗದ್ದಲದ್ದು" ಎನ್ನಬಲ್ಲೆಯಾ? ಇಲ್ಲ ತಾನೆ? ಹಾಗಾದರೆ ನನ್ನದರ ಮೇಲೆ ಹೇಗೆ ಇಟ್ಟೆ? ಸರಾಸರಿಯನ್ನು ಒಬ್ಬ ಮನುಷ್ಯನ ತಲೆಗೆ ಕಟ್ಟುವುದು ಸಂಶೋಧನೆಯಲ್ಲ. ನಿನ್ನ ಗೈಡ್ ಎದುರು ಹೀಗೆ ಮಾತನಾಡಿದ್ದರೆ ಬಿಡುತ್ತಿದ್ದರೇ?

ಉಪದೇಶ ಬೇಡ ಎಂದುಕೊಂಡೇ ಕುಳಿತೆ, ಆದರೂ ಬಂದುಬಿಟ್ಟಿತು. ಬಂದದ್ದು ಬರಲಿ, ಇನ್ನೂ ಸ್ವಲ್ಪ ಕೇಳು.

ನೀನು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ ಲೇಖನ ನನಗೆ ಎಲ್ಲಕ್ಕಿಂತ ಹಿಡಿಸಿತು. ಕಾನೆಮನ್ ಮತ್ತು ಕ್ಲೈನ್ ಎಂಬ ಮನೋವಿಜ್ಞಾನಿಗಳು 2009ರಲ್ಲಿ ಬರೆದದ್ದು. ಒಬ್ಬರು ಪರಿಣತರ ಅಂದಾಜನ್ನು ನಂಬದವರು, ಇನ್ನೊಬ್ಬರು ಅಗ್ನಿಶಾಮಕ ದಳದ ಮುಖ್ಯಸ್ಥರ ಒಳದೃಷ್ಟಿಯನ್ನು ಅಭ್ಯಾಸ ಮಾಡಿ ನಂಬಿದವರು. ಜಗಳವಾಡಬೇಕಿದ್ದವರು ವರ್ಷಗಟ್ಟಲೆ ಕೂಡಿ ಕುಳಿತು ಒಂದೇ ಮಾತಿಗೆ ಬಂದರು: ಕೆಲಸದಲ್ಲಿ ಒಂದು ಕ್ರಮವಿರಬೇಕು, ಮಾಡಿದ್ದು ಸರಿಯೋ ತಪ್ಪೋ ಎಂಬುದು ಬೇಗ ತಿಳಿಯುತ್ತಿರಬೇಕು, ಆಗ ಮಾತ್ರ ಅನುಭವಿಯ ಅಂದಾಜನ್ನು ನಂಬಬಹುದು. (ನಾವು ಒಂದು ಊಟದ ಹೊತ್ತು ಕೂಡಿ ಕೂರಲಿಲ್ಲ.) ಅದನ್ನು ಓದಿ ಬ್ಯಾಟ್ಸ್‌ಮನ್‌ಗೂ ಅಂಪೈರ್‌ಗೂ ಇರುವ ಅಂತರ ನನಗೆ ಮೊದಲ ಸಲ ಸ್ಪಷ್ಟವಾಯಿತು. ಬ್ಯಾಟ್ಸ್‌ಮನ್‌ಗೆ ಪ್ರತಿ ಚೆಂಡೂ ಉತ್ತರ ಹೇಳುತ್ತದೆ. ಮೆಕ್ಲಾಯ್ಡ್ ಎಂಬ ಸಂಶೋಧಕರು 1987ರಲ್ಲಿ ಮ್ಯಾಟಿನ ಕೆಳಗೆ ಮರದ ಕಡ್ಡಿಗಳನ್ನಿಟ್ಟು, ಚೆಂಡು ಯಾವ ಕಡೆ ಸಿಡಿಯುವುದೋ ತಿಳಿಯದಂತೆ ಮಾಡಿ, ಅಂತಾರಾಷ್ಟ್ರೀಯ ಆಟಗಾರರನ್ನೇ ಆಡಿಸಿದರು. ಸೆಕೆಂಡಿನ ಐದನೇ ಒಂದು ಭಾಗದೊಳಗೆ ಅವರೂ ಬ್ಯಾಟ್ ತಿರುಗಿಸಲಾರದೆ ಹೋದರು. ಅವರ ಕಣ್ಣು ನಮ್ಮದಕ್ಕಿಂತ ಚುರುಕಲ್ಲ. 2000ದಲ್ಲಿ ಲ್ಯಾಂಡ್ ಜೊತೆ ಸೇರಿ ಮೆಕ್ಲಾಯ್ಡ್ ಅವರೇ ಕಣ್ಣಿನ ಚಲನೆ ಅಳೆದಾಗ ಕಂಡದ್ದು, ಚೆಂಡು ಬೀಳುವ ಜಾಗಕ್ಕೆ ಒಳ್ಳೆಯ ಬ್ಯಾಟ್ಸ್‌ಮನ್‌ನ ಕಣ್ಣು ಚೆಂಡಿಗಿಂತ ಮೊದಲೇ ಹಾರಿ ಕಾಯುತ್ತದೆ. ಸಾವಿರ ಸಲ ತಪ್ಪಿ, ಸಾವಿರ ಸಲ ಉತ್ತರ ಪಡೆದು ಬಂದ ವಿದ್ಯೆ ಅದು.

ನನಗೆ ಉತ್ತರ ಹೇಳುವವರು ಯಾರಿದ್ದರು? ಟಿವಿ ಇಲ್ಲ, ಮೂರನೇ ಅಂಪೈರ್ ಇಲ್ಲ. ಸೋತವರು ಬೈಯುತ್ತಿದ್ದರು, ಗೆದ್ದವರು ಟೀ ಕೊಡಿಸುತ್ತಿದ್ದರು. ಇಷ್ಟು ವರ್ಷ ನಿಂತು ನಾನು ಕಲಿತೆನೋ, ಒಂದೇ ತಪ್ಪನ್ನು ದೃಢವಾಗಿ ಮಾಡುವುದನ್ನು ಅಭ್ಯಾಸ ಮಾಡಿಕೊಂಡೆನೋ, ನನಗೇ ಗೊತ್ತಿಲ್ಲ. ಆ ರಾತ್ರಿ ಸಿಟ್ಟು ಬಂದದ್ದು ಇದಕ್ಕೇ ಇರಬೇಕು.

ಆದರೂ ಚೆಂಡಿನ ದಾರಿ ಗುರುತಿಸುವ ನಿನ್ನ ಯಂತ್ರಗಳ ಬಗ್ಗೆ ಒಂದು ಮಾತು. ಅಂಪೈರ್ ತೀರ್ಪನ್ನು ಟಿವಿಯಲ್ಲಿ ಮತ್ತೆ ಪರಿಶೀಲಿಸುವ ರಿವ್ಯೂನಲ್ಲಿ ಚೆಂಡಿನ ಅರ್ಧಕ್ಕಿಂತ ಕಡಿಮೆ ಭಾಗ ಸ್ಟಂಪಿಗೆ ತಾಗುವುದೆಂದು ಪರದೆ ತೋರಿಸಿದರೆ ಏನು ಮಾಡುತ್ತಾರೆ? ಅಂಪೈರ್ ಏನು ಹೇಳಿದ್ದನೋ ಅದೇ ನಿಲ್ಲುತ್ತದೆ. ಪ್ಯಾಡಿಗೆ ತಾಗಿದ ಮೇಲಿನ ದಾರಿಯನ್ನು ಯಂತ್ರ ಕಂಡದ್ದಲ್ಲ, ಲೆಕ್ಕ ಹಾಕಿದ್ದು. ಅದರ ಅಂಚಿನಲ್ಲಿ ಅದಕ್ಕೂ ಅಳುಕಿದೆ. ಟಿವಿ ಎದುರು ಕುಳಿತವರು ಇದನ್ನು ನೋಡಿ ರೇಗುತ್ತಾರೆ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೇನೆ.

ನಮ್ಮೂರಲ್ಲೇ ಹುಟ್ಟಿದ ವಿಶ್ವನಾಥ್ 1980ರ ಮುಂಬೈ ಟೆಸ್ಟಿನಲ್ಲಿ ನಾಯಕ. ಅಂಪೈರ್ ಔಟ್ ಕೊಟ್ಟ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಾಪಸು ಕರೆದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು, ನಾವು ಹತ್ತು ವಿಕೆಟ್‌ಗಳಿಂದ ಸೋತೆವು. ನಮ್ಮೂರಿನವರು ಇಂದಿಗೂ ಹೇಳುವುದು ವಿಶಿಯ ದೊಡ್ಡತನ. ನಾನು ಯೋಚಿಸುವುದು ಆ ಅಂಪೈರ್ ಬಗ್ಗೆ. ಅಷ್ಟು ಜನರೆದುರು ಎತ್ತಿದ ಬೆರಳನ್ನು ಇಳಿಸಬೇಕಾಯಿತು. ಆದರೆ ಉತ್ತರ ಆಗಲೇ ಸಿಕ್ಕಿಬಿಟ್ಟಿತು. ಒಂದು ರೀತಿಯಲ್ಲಿ ಪುಣ್ಯವಂತರು.

ನೀನು ಈ ವಿಷಯ ಹಿಡಿದು ಅಷ್ಟು ದೂರ ಹೋದೆಯಲ್ಲ, ಹೆಮ್ಮೆಯಿದೆ. ಬೀದಿಯವರಿಗೆಲ್ಲ ಹೇಳಿದ್ದೇನೆ, ನಿನಗೆ ಹೇಳಿರಲಿಲ್ಲ. ಚಿಂತೆಯೂ ಇದೆ. ಸಂಶೋಧಕರಿಗೂ ಉತ್ತರ ತಡವಾಗಿಯೇ ಬರುವುದು. ಹೇಳಿದ್ದು ತಪ್ಪೆಂದು ಗೊತ್ತಾಗುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ. ನಿನ್ನನ್ನು ತಿದ್ದುವವರನ್ನು ಹತ್ತಿರ ಇಟ್ಟುಕೊ. ಹೊತ್ತಿಗೆ ಸರಿಯಾಗಿ ಊಟ ಮಾಡು, ಬರೀ ಬ್ರೆಡ್ಡು ತಿಂದು ಮಲಗಬೇಡ. ಸ್ವೆಟರ್ ಸಾಲದಿದ್ದರೆ ಅಲ್ಲೇ ಕೊಳ್ಳು, ದುಡ್ಡಿನ ಮುಖ ನೋಡಬೇಡ.

ಇನ್ನೊಂದು ಮಾತು. ನಿನ್ನ ಪ್ರಯೋಗಕ್ಕೆ ಅಂಪೈರ್‌ಗಳು ಬೇಕು ಎಂದಿದ್ದೆಯಲ್ಲ. ಇಲ್ಲಿನ ಹಳಬರನ್ನು ಕೇಳಿದ್ದೇನೆ, ನಾಲ್ಕಾರು ಮಂದಿ ಒಪ್ಪಿದ್ದಾರೆ. ನನ್ನನ್ನೂ ಸೇರಿಸಿಕೋ, ಹೆಸರು ಬರೆಯಬೇಡ, ನಂಬರು ಹಾಕು. ಆದರೆ ಇಂಗ್ಲಿಷ್ ಫುಟ್‌ಬಾಲಿನ ಹಾಡು ಹಾಕಿ ನಮ್ಮನ್ನು ಪರೀಕ್ಷಿಸಬೇಡ, ಅದು ನಮ್ಮ ಕಿವಿಗೆ ನಾಟುವುದಿಲ್ಲ. ಡಿಸೆಂಬರಿನಲ್ಲಿ ಇಲ್ಲಿ ಲೀಗ್ ಪಂದ್ಯಗಳಿವೆ. ಆಗ ಬರುವುದಾದರೆ ಒಳ್ಳೆಯ ಮೈಕ್ ತಂದು ನಮ್ಮ ಜನರ ಕೂಗನ್ನೇ ಧ್ವನಿಮುದ್ರಿಸಿಕೊ. ಶಿವಮೊಗ್ಗದ ಅಂಗಡಿಯವನಿಗೂ ಹೇಳಿದ್ದೇನೆ. ಪ್ಯಾಡ್ ಕಟ್ಟಿಕೊಂಡು ಬರುತ್ತಾನಂತೆ.

ಇಂತಿ ನಿನ್ನ
ಅಪ್ಪ