ಸಾಲ್ಮನ್ ಬೇರೆ ಬೇಯಲಿ, ಸಾಸ್ ಬೇರೆ ಕುದಿಯಲಿ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಅಡುಗೆ ಪುಟದಲ್ಲಿ ಕ್ರೀಮ್, ಚೀಸ್, ಸೊಪ್ಪು ಹಾಕಿದ ಸಾಲ್ಮನ್ ಮೀನಿನ ಪಾಕವಿಧಾನ ಆಗಾಗ ಬರುತ್ತದೆ. ಬರೆಯುವವರು ಬೇರೆ ಬೇರೆಯಾದರೂ ಒಂದು ಸಾಲು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ: ‘ಮೀನಿನ ಮೇಲೆ ಕ್ರೀಮ್ ಮತ್ತು ಚೀಸ್ ಹಾಕಿ, ಮುಚ್ಚಳ ಮುಚ್ಚಿ 15ರಿಂದ 20 ನಿಮಿಷ ಬೇಯಿಸಿ.’ ಈ ಸಾಲನ್ನು ನಂಬಿ ಮಾಡಿದವರ ತಟ್ಟೆಗೆ ಬರುವುದು ಒಣಗಿ ಪುಡಿಪುಡಿಯಾಗುವ ಮೀನು ಮತ್ತು ಎಣ್ಣೆ ಬಿಟ್ಟುಕೊಂಡ ಸಾಸ್. ಮೀನಿಗೆ ಬೇಕಾದ ಕಾವೇ ಬೇರೆ, ಸಾಸಿಗೆ ಬೇಕಾದ ಕಾವೇ ಬೇರೆ. ಎರಡನ್ನೂ ಬೇರೆಯಾಗಿ ಮಾಡಿಕೊಂಡು ಕೊನೆಯ ಒಂದೆರಡು ನಿಮಿಷ ಮಾತ್ರ ಒಟ್ಟಿಗೆ ಸೇರಿಸಬೇಕು. ಅದಕ್ಕೆ ಕಾರಣವನ್ನೂ ಲೆಕ್ಕವನ್ನೂ ವಿವರವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪ್ರಕಟಿಸಿ.

ಮೊದಲು ಮೀನಿನ ವಿಷಯ. ಸಾಲ್ಮನ್ ಮಾಂಸದ ಒಂದು ಪ್ರೋಟೀನ್ 40ರಿಂದ 50 ಡಿಗ್ರಿ ಸೆಲ್ಸಿಯಸ್ ನಡುವೆಯೇ ಗಟ್ಟಿಯಾಗತೊಡಗುತ್ತದೆ. ಆಗ ಹಸಿ ಮೀನಿನ ಪಾರದರ್ಶಕ ಹೊಳಪು ಹೋಗಿ, ಬಣ್ಣ ತಿಳಿಯಾಗಿ, ಎಸಳುಗಳು ಸುಲಭವಾಗಿ ಬಿಡಿಸಿಕೊಳ್ಳುತ್ತವೆ, ರಸ ಒಳಗೇ ಇರುತ್ತದೆ. ಕಾವು 60 ಡಿಗ್ರಿ ದಾಟುತ್ತ ಹೋದಂತೆ ನಾರುಗಳು ಬಿಗಿದುಕೊಂಡು ರಸವನ್ನು ಹೊರಕ್ಕೆ ಹಿಂಡುತ್ತವೆ. ತುಂಡಿನ ನಟ್ಟನಡುವೆ 50ರಿಂದ 52 ಡಿಗ್ರಿ ಇದ್ದಾಗ ಮೀನು ಅತ್ಯಂತ ಮೃದುವಾಗಿರುತ್ತದೆ. ಆದರೆ ಅಮೆರಿಕದ ಆಹಾರ ಸುರಕ್ಷತಾ ಸಲಹೆಯಲ್ಲಿ ಹೇಳಿರುವುದು 63 ಡಿಗ್ರಿ. ಗರ್ಭಿಣಿಯರಿಗೆ, ಪುಟ್ಟ ಮಕ್ಕಳಿಗೆ, ವಯಸ್ಸಾದವರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಬಡಿಸುವಾಗ 63ಕ್ಕಿಂತ ಕಡಿಮೆಗೆ ಇಳಿಸಲೇಬಾರದು. ಆ ಕಾವಿನಲ್ಲೂ ಮೀನು ಚೆನ್ನಾಗಿಯೇ ಇರುತ್ತದೆ. ಕೆಡುವುದು 70, 75ಕ್ಕೆ ಹೋದಾಗ. ಕುದಿಯುವ ಕ್ರೀಮಿನಲ್ಲಿ 20 ನಿಮಿಷ ಮುಳುಗಿದ ತುಂಡು ಅದನ್ನೂ ದಾಟಿರುತ್ತದೆ. ಚುಚ್ಚಿ ನೋಡುವ ಥರ್ಮಾಮೀಟರ್ ಒಂದಿದ್ದರೆ ಈ ಅಡುಗೆಯ ಅರ್ಧ ಆತಂಕ ಕಡಿಮೆಯಾಗುತ್ತದೆ.

ಇನ್ನು ಬಿಳಿ ಗಸಿಯ ವಿಷಯ. ಬೇಯುತ್ತಿರುವ ಸಾಲ್ಮನ್ ಎಸಳುಗಳ ಸಂದಿನಿಂದ ಮೊಸರಿನ ಗಡ್ಡೆಯಂಥ ಬಿಳಿ ವಸ್ತು ಉಕ್ಕಿ ಬರುವುದನ್ನು ನೋಡಿರುತ್ತೀರಿ. ಅದು ಕೊಬ್ಬಲ್ಲ, ಕೊಳೆಯೂ ಅಲ್ಲ. ನಾರುಗಳು ಬಿಗಿದಾಗ ಒಳಗಿನ ರಸದ ಜೊತೆ ಹೊರಬಿದ್ದು, ಬಿಸಿಗೆ ಹೆಪ್ಪುಗಟ್ಟಿದ ಆಲ್ಬುಮಿನ್ ಎಂಬ ಪ್ರೋಟೀನ್. ತಿಂದರೆ ಏನೂ ಆಗದು. ಆದರೆ ಮೀನನ್ನು ಸಾಸಿನಲ್ಲೇ ಪೂರ್ತಿ ಬೇಯಿಸಿದರೆ ಈ ಗಸಿಯೆಲ್ಲ ಕ್ರೀಮಿಗೆ ಸೇರಿ ಚೂರುಚೂರಾಗಿ ತೇಲುತ್ತದೆ. ಸಾಸ್ ಒಡೆಯಿತು ಎಂದು ಕ್ರೀಮನ್ನು ದೂರುವವರು ಎಷ್ಟೋ ಸಲ ನೋಡುತ್ತಿರುವುದು ಇದನ್ನೇ. ಬಾಣಲೆಯನ್ನು ಸ್ವಲ್ಪ ವಾಲಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಮೀನಿನ ಗಸಿಯಾದರೆ ಚೂರುಗಳು ದೊಡ್ಡದಾಗಿ, ಮೆತ್ತಗೆ, ತುಂಡಿನ ಸುತ್ತಲೇ ಅಂಟಿಕೊಂಡಿರುತ್ತವೆ, ಕ್ರೀಮ್ ಒಡೆದಿದ್ದರೆ ಸಾಸ್ ಪೂರ್ತಿ ರವೆಯಂತೆ ಕಾಣುತ್ತದೆ. ಚೀಸಿನ ಕೊಬ್ಬು ಬೇರ್ಪಟ್ಟಿದ್ದರೆ ಅಂಚಿನಲ್ಲಿ ಹಳದಿ ಎಣ್ಣೆ ನಿಂತಿರುತ್ತದೆ.

ಗಸಿ ಕಡಿಮೆ ಮಾಡಲು ಉಪ್ಪುನೀರು ಬಹಳ ಉಪಕಾರಿ. ಒಂದು ಲೀಟರ್ ತಣ್ಣೀರಿಗೆ 50 ಗ್ರಾಂ ಉಪ್ಪು ಕರಗಿಸಿ ತುಂಡುಗಳನ್ನು 10ರಿಂದ 15 ನಿಮಿಷ ಮುಳುಗಿಸಿಡಿ. ಉಪ್ಪು ಮೇಲ್ಪದರದ ನಾರುಗಳನ್ನು ಸಡಿಲಿಸುವುದರಿಂದ ಅವು ಬಿಸಿಗೆ ಅಷ್ಟಾಗಿ ಹಿಂಡಿಕೊಳ್ಳುವುದಿಲ್ಲ. ಅರ್ಧ ಗಂಟೆ ಮೀರಿದರೆ ಮಾತ್ರ ಮೀನು ಉಪ್ಪಾಗಿ, ಹೊರಭಾಗ ರಬ್ಬರಿನಂತೆ ಬಿಗಿಯುತ್ತದೆ. ತೆಗೆದ ಮೇಲೆ ಕಾಗದದ ಟವೆಲಿನಿಂದ ಚೆನ್ನಾಗಿ ಒತ್ತಿ ಒರೆಸಿ. ಒರೆಸದೆ ಬಿಟ್ಟ ತೇವವೇ ಮೀನು ಬಾಣಲೆಗೆ ಹಿಡಿದುಕೊಳ್ಳಲು ಮೊದಲ ಕಾರಣ.

ನಾಲ್ಕು ಜನಕ್ಕೆ ಲೆಕ್ಕ ಹೀಗಿದೆ. ತಲಾ 150ರಿಂದ 170 ಗ್ರಾಂ ತೂಗುವ, ಎರಡೂವರೆ ಸೆಂಟಿಮೀಟರ್ ದಪ್ಪದ ನಾಲ್ಕು ತುಂಡು ಸಾಲ್ಮನ್, ಒಂದು ದೊಡ್ಡ ಚಮಚ ಎಣ್ಣೆ, 20 ಗ್ರಾಂ ಬೆಣ್ಣೆ, ಸಣ್ಣಗೆ ಹೆಚ್ಚಿದ ಒಂದು ಪುಟ್ಟ ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ, 100 ಮಿಲಿಲೀಟರ್ ಬಿಳಿ ವೈನ್ ಅಥವಾ ಉಪ್ಪಿಲ್ಲದ ತರಕಾರಿ ಸಾರ, 250 ಮಿಲಿಲೀಟರ್ ಕ್ರೀಮ್, 50 ಗ್ರಾಂ ಪಾರ್ಮಸಾನ್ ಚೀಸ್, ಒಂದು ಸಣ್ಣ ಚಮಚ ಸಾಸಿವೆ ಪೇಸ್ಟ್, ಹೆಚ್ಚಿದ ಸಬ್ಬಸಿಗೆ ಮತ್ತು ಪಾರ್ಸ್ಲಿ ತಲಾ ಎರಡು ದೊಡ್ಡ ಚಮಚ, ಎರಡು ಸಣ್ಣ ಚಮಚ ನಿಂಬೆರಸ, ಕಾಳುಮೆಣಸು. ಉಪ್ಪನ್ನು ಬೇಕೆಂದೇ ಪಟ್ಟಿಯಲ್ಲಿ ಸೇರಿಸಿಲ್ಲ. ಮೀನು ಉಪ್ಪುನೀರಲ್ಲಿ ನೆನೆದಿದೆ, ಚೀಸಿನಲ್ಲೂ ಉಪ್ಪು ಧಾರಾಳವಾಗಿದೆ. ಎಲ್ಲ ಮುಗಿದ ಮೇಲೆ ರುಚಿ ನೋಡಿ, ಬೇಕಿದ್ದರೆ ಒಂದು ಚಿಟಿಕೆ ಸಾಕು.

ಪಾಕವಿಧಾನಗಳಲ್ಲಿ ತುಂಡಿನ ತೂಕ ಹೇಳುತ್ತಾರೆ, ದಪ್ಪ ಹೇಳುವುದಿಲ್ಲ. ಮೀನು ಬೇಯುವ ಸಮಯ ನಿಂತಿರುವುದು ದಪ್ಪದ ಮೇಲೆ. ಬಾಲದ ಕಡೆಯ ತೆಳು ತುಂಡು ಮೂರು ನಿಮಿಷಕ್ಕೇ ಬೆಂದರೆ, ಅಷ್ಟೇ ತೂಕದ ಬೆನ್ನಿನ ದಪ್ಪ ತುಂಡಿಗೆ ಏಳೆಂಟು ನಿಮಿಷ ಬೇಕಾಗಬಹುದು. ಬಾಲದ ತುಂಡೇ ಸಿಕ್ಕಿದರೆ ತೆಳು ತುದಿಯನ್ನು ಅಡಿಗೆ ಮಡಚಿ ದಪ್ಪ ಸಮ ಮಾಡಿಕೊಳ್ಳಿ. ಮೀನಿನ ಜಾತಿಯಿಂದಲೂ ವ್ಯತ್ಯಾಸವಿದೆ. ಸಾಕಣೆಯ ಅಟ್ಲಾಂಟಿಕ್ ಸಾಲ್ಮನ್‌ನಲ್ಲಿ ಕೊಬ್ಬು ಹೆಚ್ಚು, ಸ್ವಲ್ಪ ಹೆಚ್ಚು ಬೆಂದರೂ ಸಹಿಸಿಕೊಳ್ಳುತ್ತದೆ. ಕಡುಗೆಂಪು ಬಣ್ಣದ ಸಾಕೈ ಸಾಲ್ಮನ್‌ನಲ್ಲಿ ಕೊಬ್ಬು ಕಡಿಮೆ, ತುಂಡೂ ತೆಳು. ಒಂದೆರಡು ನಿಮಿಷ ಮೊದಲೇ ಇಳಿಸಬೇಕು. ತುಂಡಿನ ಮೇಲೆ ಬೆರಳಾಡಿಸಿ ನೋಡಿದರೆ ಸಾಲಾಗಿ ಸಿಗುವ ಸೂಜಿಮುಳ್ಳುಗಳನ್ನು ಚಿಮಟದಿಂದ ಹಿಡಿದು, ಅವು ವಾಲಿರುವ ದಿಕ್ಕಿಗೇ ಎಳೆಯಿರಿ. ನೇರ ಮೇಲಕ್ಕೆ ಕಿತ್ತರೆ ಮಾಂಸ ಹರಿಯುತ್ತದೆ.

ಬಾಣಲೆ ಮಧ್ಯಮ ಉರಿಯಲ್ಲಿ ಕಾದು ಎಣ್ಣೆ ಬಿಸಿಯಾದ ಮೇಲೆ ಚರ್ಮ ಕೆಳಗೆ ಬರುವಂತೆ ತುಂಡುಗಳನ್ನು ಇಡಿ. ಇಟ್ಟ ಕೂಡಲೇ ಚುರ್ರೆಂದು ಸದ್ದಾಗಬೇಕು. ಚರ್ಮ ಬಿಸಿಗೆ ಕುಗ್ಗಿ ತುಂಡು ಬಿಲ್ಲಿನಂತೆ ಬಾಗುವುದರಿಂದ ಮೊದಲ ಹತ್ತು ಸೆಕೆಂಡು ಸೌಟಿನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಆಮೇಲೆ ಐದು ನಿಮಿಷ ಕೈ ಹಾಕಬೇಡಿ. ಪಕ್ಕದಿಂದ ನೋಡುತ್ತಿದ್ದರೆ ತಿಳಿ ಬಣ್ಣ ಕೆಳಗಿನಿಂದ ಮೇಲಕ್ಕೆ ಗೆರೆ ಎಳೆದಂತೆ ಏರುವುದು ಕಾಣುತ್ತದೆ. ಅದು ಮುಕ್ಕಾಲು ಎತ್ತರಕ್ಕೆ ಬಂದಾಗ ತಿರುವಿ ಹಾಕಿ, ಒಂದು ನಿಮಿಷ ಬಿಟ್ಟು ತಟ್ಟೆಗೆ ತೆಗೆಯಿರಿ. ತಿರುವಲು ಹೋದಾಗ ಮೀನು ಬಾಣಲೆ ಬಿಡದಿದ್ದರೆ ಅದಿನ್ನೂ ಕಂದಾಗಿಲ್ಲ ಎಂದರ್ಥ. ಅರ್ಧ ನಿಮಿಷ ಕಾದರೆ ತಾನೇ ಬಿಡುತ್ತದೆ, ಕೆರೆದರೆ ಚರ್ಮ ಅಲ್ಲೇ ಉಳಿಯುತ್ತದೆ. ಈ ಹಂತದಲ್ಲಿ ನಡುಭಾಗ 46ರಿಂದ 48 ಡಿಗ್ರಿ ಇದ್ದರೆ ಸಾಕು, ಉಳಿದ ಬಿಸಿಯಲ್ಲಿ ಮತ್ತು ಸಾಸಿನಲ್ಲಿ ಮಿಕ್ಕದ್ದು ಏರುತ್ತದೆ. 63 ಡಿಗ್ರಿ ಬೇಕಾದವರು 57, 58ಕ್ಕೆ ತೆಗೆದು, ಸಾಸಿನಲ್ಲಿ ಮುಚ್ಚಿಟ್ಟು 63 ಬಂದದ್ದನ್ನು ಅಳೆದು ನೋಡಿಕೊಳ್ಳಬೇಕು.

ಗರಿಗರಿ ಚರ್ಮ ಸಾಸಿಗೆ ಬಿದ್ದ ಎರಡೇ ನಿಮಿಷಕ್ಕೆ ಜೋಲಾಗುತ್ತದೆ. ಆದ್ದರಿಂದ ತುಂಡನ್ನು ಚರ್ಮ ಮೇಲಾಗಿ ಸಾಸಿನಲ್ಲಿ ಕೂರಿಸಿ, ಮೇಲೆ ಸಾಸ್ ಸುರಿಯಬೇಡಿ. ಚರ್ಮ ಬೇಡದವರು ಮೊದಲೇ ತೆಗೆದುಬಿಡಬಹುದು. ಆಗ ಅದರಡಿಯ ಬೂದು ಬಣ್ಣದ ಪದರವನ್ನೂ ಚಾಕುವಿನಿಂದ ತೆಳುವಾಗಿ ಸವರಿ ತೆಗೆದರೆ ಒಳ್ಳೆಯದು. ಅಲ್ಲಿರುವ ಕೊಬ್ಬು ಬೇಗ ಕಮಟುತ್ತದೆ. ಮೀನುವಾಸನೆ ಜೋರು ಎನಿಸುವುದಕ್ಕೆ ಮುಖ್ಯ ಕಾರಣ ಅದೇ.

ಈಗ ಸಾಸ್. ಅದೇ ಬಾಣಲೆಯ ಹೆಚ್ಚುವರಿ ಎಣ್ಣೆ ಚೆಲ್ಲಿ, ತಳದ ಕಂದು ಪದರ ಮಾತ್ರ ಉಳಿಸಿಕೊಳ್ಳಿ. ಅದು ಕಪ್ಪಾಗಿ ಸೀದಿದ್ದರೆ ಬೇರೆ ಬಾಣಲೆ ತೆಗೆದುಕೊಳ್ಳಿ, ಕಹಿಯನ್ನು ಯಾವ ಕ್ರೀಮೂ ಮುಚ್ಚದು. ಬೆಣ್ಣೆ ಕರಗಿಸಿ ಈರುಳ್ಳಿ ಮೆತ್ತಗಾಗುವವರೆಗೆ ಬಾಡಿಸಿ, ಬೆಳ್ಳುಳ್ಳಿಗೆ ಅರ್ಧ ನಿಮಿಷ ಸಾಕು. ವೈನ್ ಸುರಿದು ತಳ ಕೆರೆಯುತ್ತ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ. ವೈನಿನ ಕಟು ವಾಸನೆ ಈಗಲೇ ಹೋಗಬೇಕು, ಕ್ರೀಮ್ ಹಾಕಿದ ಮೇಲೆ ಅದನ್ನು ಹೋಗಿಸುವುದು ಕಷ್ಟ.

ಕ್ರೀಮ್ ಎಂದಷ್ಟೇ ಬರೆದರೆ ಸಾಲದು, ಕೊಬ್ಬಿನ ಪ್ರಮಾಣ ಹೇಳಲೇಬೇಕು. 35 ಪರ್ಸೆಂಟ್ ಕೊಬ್ಬಿನ ಕ್ರೀಮ್ ವೈನಿನ ಜೊತೆ ಕುದಿದರೂ ಒಡೆಯುವುದಿಲ್ಲ, ಏಕೆಂದರೆ ಅದರಲ್ಲಿ ಒಡೆದು ಗಡ್ಡೆಯಾಗುವ ಪ್ರೋಟೀನಿನ ಪಾಲು ಕಡಿಮೆ. 20ರಿಂದ 25 ಪರ್ಸೆಂಟಿನ ತೆಳು ಕ್ರೀಮ್ ಹುಳಿ ಮತ್ತು ಕುದಿ ಎರಡೂ ಸೇರಿದಾಗ ಒಡೆಯಬಹುದು. ಅದೇ ಇರುವುದಾದರೆ ಒಂದು ಸಣ್ಣ ಚಮಚ ಕಾರ್ನ್‌ಫ್ಲೋರನ್ನು (ಮೆಕ್ಕೆಜೋಳದ ಪಿಷ್ಟ) ತಣ್ಣಗಿನ ಕ್ರೀಮಿನಲ್ಲಿ ಮೊದಲೇ ಕಲಸಿಕೊಂಡು ಹಾಕಿ. ಪಿಷ್ಟ ಪ್ರೋಟೀನುಗಳ ನಡುವೆ ಅಡ್ಡ ನಿಂತು ಅವು ಗಂಟಾಗದಂತೆ ತಡೆಯುತ್ತದೆ. ಕ್ರೀಮ್ ಹಾಕಿದ ಮೇಲೆ ಸಾಸಿವೆ ಪೇಸ್ಟ್ ಸೇರಿಸಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕುದಿಸಿ. ಚಮಚದ ಬೆನ್ನಿಗೆ ಹಿಡಿದ ಸಾಸಿನ ಮೇಲೆ ಬೆರಳಿನಿಂದ ಗೆರೆ ಎಳೆದಾಗ ಗೆರೆ ಕೂಡಿಕೊಳ್ಳದೆ ನಿಂತರೆ ಹದ ಬಂದಿದೆ. ಚೀಸ್ ಸೇರಿದ ಮೇಲೆ ಇನ್ನೂ ದಪ್ಪಗಾಗುವುದರಿಂದ ಇದಕ್ಕಿಂತ ಗಟ್ಟಿ ಮಾಡಬೇಡಿ.

ಹೆಚ್ಚು ಜನ ಎಡವುವುದು ಚೀಸಿನಲ್ಲಿ. ಚೀಸಿನೊಳಗೆ ಪ್ರೋಟೀನಿನ ಬಲೆಯೊಂದು ಕೊಬ್ಬನ್ನೂ ನೀರನ್ನೂ ಹಿಡಿದಿಟ್ಟಿರುತ್ತದೆ. ಮೆಲ್ಲಗೆ ಬಿಸಿಯಾದರೆ ಬಲೆ ಸಡಿಲವಾಗಿ ಎಲ್ಲವೂ ಸಾಸಿನಲ್ಲಿ ಹರಡುತ್ತದೆ. ಕುದಿಯುವ ಸಾಸಿಗೆ ಬಿದ್ದರೆ ಬಲೆ ಬಿಗಿದು ಗಂಟಾಗಿ, ಕೊಬ್ಬನ್ನು ಹೊರಗೆ ಉಗುಳುತ್ತದೆ. ಹಾಗಾಗಿ ಒಲೆ ಆರಿಸಿ, ಕುದಿ ಪೂರ್ತಿ ನಿಂತು ಒಂದು ನಿಮಿಷ ಕಳೆದ ಮೇಲೆ, ತೀರಾ ಸಣ್ಣಗೆ ತುರಿದ ಚೀಸನ್ನು ಮೂರು ಸಲವಾಗಿ ಉದುರಿಸಿ. ಒಂದು ಹಿಡಿ ಕರಗಿದ ಮೇಲೇ ಇನ್ನೊಂದು. ತುರಿದು ಪ್ಯಾಕೆಟಿನಲ್ಲಿ ಬರುವ ಚೀಸಿಗೆ ಅಂಟಿಕೊಳ್ಳದಂತೆ ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಹಚ್ಚಿರುತ್ತಾರೆ. ಅದು ಕರಗದೆ ನಾಲಿಗೆಗೆ ಮರಳಿನಂತೆ ತಾಗುತ್ತದೆ. ಇಡೀ ತುಂಡು ತಂದು ಆಗಲೇ ತುರಿಯುವುದೇ ಸರಿ. ಪಾರ್ಮಸಾನ್ ಬದಲು ಗ್ರೂಯೆರ್ ಆದೀತು. ಮೊಜರೆಲ್ಲಾ ದಾರದಂತೆ ಎಳೆಯುತ್ತದೆ, ಫೆಟಾ ಕರಗುವುದೇ ಇಲ್ಲ, ಹಳೆಯ ಚೆಡ್ಡರ್ ಎಣ್ಣೆ ಬಿಡುತ್ತದೆ. ಹೊಸದಾಗಿ ಮಾಡುವವರಿಗೆ ಕ್ರೀಮ್ ಚೀಸ್ ಸುಲಭ. ಸಾಮಾನ್ಯವಾಗಿ ಅದರಲ್ಲಿ ಗೋಂದಿನ ಅಂಶ ಸೇರಿರುವುದರಿಂದ ಬೇಗ ಒಡೆಯುವುದಿಲ್ಲ. 100 ಗ್ರಾಂ ಹಾಕಿ, ದ್ರವ ಕ್ರೀಮನ್ನು 150 ಮಿಲಿಲೀಟರಿಗೆ ಇಳಿಸಿ.

ಇಷ್ಟಾಗಿಯೂ ಎಣ್ಣೆ ಬೇರ್ಪಟ್ಟರೆ ಎಸೆಯಬೇಡಿ. ಉರಿಯಿಂದ ಇಳಿಸಿ ಎರಡು ಚಮಚ ತಣ್ಣನೆಯ ಕ್ರೀಮ್ ಅಥವಾ ಒಂದು ಚಮಚ ನೀರು ಹಾಕಿ ಜೋರಾಗಿ ಕಡೆದರೆ ಬಹುತೇಕ ಕೂಡಿಕೊಳ್ಳುತ್ತದೆ. ಆದರೆ ಪ್ರೋಟೀನ್ ಗಂಟಾಗಿ ರವೆಯಂತಾದದ್ದು ಮತ್ತೆ ನುಣುಪಾಗದು. ಸೋಸಿ, ಸಾಸ್ ತೆಳುವೆನಿಸಿದರೆ ಸ್ವಲ್ಪ ಕ್ರೀಮ್ ಸೇರಿಸಿ ಬಡಿಸುವುದೊಂದೇ ದಾರಿ.

ಸೊಪ್ಪಿನಲ್ಲಿ ಎರಡು ಬಗೆ. ಥೈಮ್, ರೋಸ್ಮರಿಯಂಥ ಗಟ್ಟಿ ಎಲೆಗಳು ಬೆಣ್ಣೆಯ ಜೊತೆಗೇ ಬೀಳಬೇಕು, ಬಿಸಿ ತಾಗಿದರೇ ಅವುಗಳ ಪರಿಮಳ ಬಿಡುವುದು. ಸಬ್ಬಸಿಗೆ, ಪಾರ್ಸ್ಲಿ, ಚೈವ್ಸ್, ಟ್ಯಾರಗನ್ ಮೆದು ಎಲೆಗಳು. ಚೀಸ್ ಕರಗಿದ ಮೇಲೆ, ಬಡಿಸುವ ಮುನ್ನ ಹಾಕಬೇಕು. ಐದು ನಿಮಿಷ ಕುದಿಸಿದರೆ ಸಬ್ಬಸಿಗೆ ಖಾಕಿ ಬಣ್ಣಕ್ಕೆ ತಿರುಗಿ ಒಣಹುಲ್ಲಿನ ವಾಸನೆ ಬರುತ್ತದೆ. ಒಣಗಿಸಿದ ಎಲೆಯಾದರೆ ಹಸಿಯದರ ಮೂರನೇ ಒಂದು ಪಾಲು ಸಾಕು, ಅದನ್ನು ಕ್ರೀಮಿನ ಜೊತೆ ಹಾಕಿ. ನಿಂಬೆರಸ ಎಲ್ಲಕ್ಕಿಂತ ಕೊನೆಗೆ, ಒಲೆ ಆರಿಸಿದ ಮೇಲೆ. ಕಾಳುಮೆಣಸೂ ಆಗಲೇ.

ಈಗ ಮೀನನ್ನು ಸಾಸಿಗೆ ಇಳಿಸಿ. ತಟ್ಟೆಯಲ್ಲಿ ಬಸಿದ ರಸವನ್ನು ಒಂದು ಚಮಚ ಮಾತ್ರ ಸೇರಿಸಿ, ಬಿಳಿ ಗಸಿಯನ್ನು ಬಿಟ್ಟುಬಿಡಿ. ಸಾಸ್ ಕುದಿಯದಷ್ಟು ಸಣ್ಣ ಉರಿಯಲ್ಲಿ ಎರಡು ನಿಮಿಷ ಇಟ್ಟು ಇಳಿಸಿ. ಹತ್ತಾರು ಜನಕ್ಕೆ ಮಾಡುವಾಗ ಬಾಣಲೆ ಸಾಲದು. ಆಗ ಮೀನನ್ನು ಬರಿದಾಗಿ 120 ಡಿಗ್ರಿ ಓವನ್‌ನಲ್ಲಿ 20ರಿಂದ 25 ನಿಮಿಷ ಬೇಯಿಸಿ, ಸಾಸನ್ನು ಪಕ್ಕದಲ್ಲಿ ಮಾಡಿಕೊಂಡು ಬಡಿಸುವಾಗ ಸೇರಿಸಿ. ಸಾಸ್ ಸುರಿದು 200 ಡಿಗ್ರಿಯಲ್ಲಿ ಬೇಕ್ ಮಾಡಿದರೆ ಮೊದಲಿನ ತೊಂದರೆಯೇ ಮರಳಿ ಬರುತ್ತದೆ.

ಸುರಕ್ಷತೆಯ ಒಂದು ಸಂಗತಿಯನ್ನು ಪಾಕವಿಧಾನಗಳು ಹೇಳುವುದೇ ಇಲ್ಲ. ಹೆಪ್ಪುಗಟ್ಟಿಸಿದ ಸಾಲ್ಮನ್ ಗಾಳಿ ತೆಗೆದ ಪ್ಯಾಕೆಟಿನಲ್ಲಿ ಬರುತ್ತದೆ. ಫ್ರಿಜ್‌ನಲ್ಲಿ ರಾತ್ರಿಯಿಡೀ ಕರಗಲು ಇಡುವ ಮೊದಲು ಪ್ಯಾಕೆಟ್ ಕತ್ತರಿಸಿ ಮೀನನ್ನು ಹೊರತೆಗೆದು, ತಟ್ಟೆಯಲ್ಲಿಟ್ಟು ಮುಚ್ಚಬೇಕು. ಬೊಟುಲಿಸಂ ವಿಷ ಉಂಟುಮಾಡುವ ಬ್ಯಾಕ್ಟೀರಿಯಾಗಳಲ್ಲಿ ಮೀನಿಗೆ ಸಂಬಂಧಿಸಿದ ಒಂದು ಬಗೆ, ಗಾಳಿಯಿಲ್ಲದ ಜಾಗದಲ್ಲಿ, ಫ್ರಿಜ್‌ನ ತಂಪಿನಲ್ಲೂ ಬೆಳೆಯಬಲ್ಲದು. ಪ್ಯಾಕೆಟ್ ತೆರೆದಿಟ್ಟರೆ ಆ ಅಪಾಯ ತಪ್ಪುತ್ತದೆ. ಮೈಕ್ರೋವೇವ್‌ನಲ್ಲಿ ಕರಗಿಸಿದರೆ ಅಂಚು ಬೆಂದು ನಡು ಮಂಜಾಗೇ ಉಳಿಯುತ್ತದೆ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಎರಡು ದಿನದಲ್ಲಿ ಮುಗಿಸಿ. ಬಿಸಿ ಮಾಡುವಾಗ ಮೀನನ್ನು ತೆಗೆದಿಟ್ಟು, ಸಾಸಿಗೆ ಎರಡು ಚಮಚ ನೀರು ಬೆರೆಸಿ ಸಣ್ಣ ಉರಿಯಲ್ಲಿ ಕದಡುತ್ತ ಬಿಸಿ ಮಾಡಿ, ಆಮೇಲೆ ಮೀನಿಟ್ಟು ನಡುವಿನವರೆಗೂ ಬಿಸಿಯಾಗುವಂತೆ ಮುಚ್ಚಿಡಿ. ಫ್ರೀಜರ್‌ನಲ್ಲಿ ಇಟ್ಟರೆ ಕ್ರೀಮ್ ಸಾಸ್ ಕರಗುವಾಗ ನೀರು ಬೇರೆ, ಗಂಟು ಬೇರೆಯಾಗುತ್ತದೆ.

ಅಡುಗೆ ಪುಟ ನೋಡಿಕೊಳ್ಳುವವರಲ್ಲಿ ಒಂದು ವಿನಂತಿ. ಮುಂದಿನ ಸಲ ಈ ಪಾಕವಿಧಾನ ಅಚ್ಚಾಗುವಾಗ ತುಂಡಿನ ದಪ್ಪ, ಕ್ರೀಮಿನ ಕೊಬ್ಬಿನ ಪ್ರಮಾಣ, ಒಲೆ ಆರಿಸಬೇಕಾದ ಹಂತ, ಈ ಮೂರನ್ನು ತಪ್ಪದೆ ಸೇರಿಸಿ. ಜಾಗ ಸಾಲದಿದ್ದರೆ ಅಲಂಕಾರದ ಸಾಲುಗಳನ್ನು ಕತ್ತರಿಸಿ.

ಇತಿ,
ಅಡುಗೆ ಪುಟದ ಓದುಗ