ಭಾನುವಾರದ ಚರ್ಚೆ: ಸುದ್ದಿಯ ಖರ್ಚು ಯಾರದ್ದು?

ಸದಸ್ಯರ ಗಮನಕ್ಕೆ: ಈ ಭಾನುವಾರ ಸಂಜೆ ಸಾರ್ವಜನಿಕ ಪ್ರಸಾರದ, ಅಂದರೆ ಲಾಭಕ್ಕಲ್ಲದೆ ಜನರಿಗಾಗಿ ನಡೆಯುವ ರೇಡಿಯೊ, ಟಿವಿಯ ಭವಿಷ್ಯ ಕುರಿತು ಚರ್ಚೆ ಇದೆ. ಟಿವಿ ನಿರೂಪಕರ ಕಿರುಚಾಟದ ದೂರು ಬೇಡ, ಅದು ಸವೆದ ಮಾತು. ಹಣದ ಪ್ರಶ್ನೆಗೆ ಬರೋಣ.

ಸಾರ್ವಜನಿಕ ಪ್ರಸಾರಕ್ಕೆ ಮೀಸಲಿಟ್ಟಿದ್ದ ಸುಮಾರು 110 ಕೋಟಿ ಡಾಲರನ್ನು ಅಮೆರಿಕದ ಸಂಸತ್ತು 2025ರ ಜುಲೈನಲ್ಲಿ ಹಿಂಪಡೆಯಿತು. ದೊಡ್ಡ ನಗರಗಳ ಕೇಂದ್ರಗಳು ದೇಣಿಗೆಯಿಂದ ಹೇಗೋ ಉಸಿರಾಡಬಹುದು. ಪೆಟ್ಟು ಬೀಳುವುದು ಹಳ್ಳಿಗಾಡಿನ ಪುಟ್ಟ ಕೇಂದ್ರಗಳಿಗೆ. ಪ್ರವಾಹದ ಎಚ್ಚರಿಕೆಗೂ ಸ್ಥಳೀಯ ಆಡಳಿತದ ಸಭೆಯ ವರದಿಗೂ ಜಾಹೀರಾತುದಾರರು ಮುಗಿಬೀಳುವುದಿಲ್ಲವಲ್ಲ! ಸಾರ್ವಜನಿಕ ಪ್ರಸಾರಕ್ಕಾಗಿ ಟಿವಿ ಇರುವ ಮನೆಗಳಿಂದ ಪಡೆಯುತ್ತಿದ್ದ ಶುಲ್ಕವನ್ನು ಫ್ರಾನ್ಸ್ 2022ರಲ್ಲೇ ರದ್ದು ಮಾಡಿತು. ಬ್ರಿಟನ್ನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಬಿಬಿಸಿಯ ಕೆಲಸ, ಹಣದ ಮೂಲಗಳನ್ನು ಗೊತ್ತುಮಾಡುವ ಈಗಿನ ಸನ್ನದು 2027ರ ಕೊನೆಗೆ ಮುಗಿಯುತ್ತದೆ.

ಶುಲ್ಕವೋ, ತೆರಿಗೆಯೋ, ಚಂದಾವೋ? ಸರ್ಕಾರವೇ ಹಣ ಕೊಟ್ಟರೆ ಲಗಾಮೂ ಅದರ ಕೈಗೇ ಹೋಗುವುದಿಲ್ಲವೇ? ನಿಮ್ಮ ನಿಲುವನ್ನು ಶನಿವಾರದೊಳಗೆ ನಾಲ್ಕು ಸಾಲಿನಲ್ಲಿ ಬರೆಯಿರಿ. ವಿಡಿಯೊ ತುಣುಕುಗಳನ್ನು ದಯವಿಟ್ಟು ಹಾಕಬೇಡಿ.