ಮಗುವಿನ ಹಾಳೆಯನ್ನು ತಿದ್ದಬೇಡಿ

ಮಾನ್ಯ ಸಂಪಾದಕರೇ,

ಇನ್ನೂ ಶಾಲೆಗೆ ಸೇರದ ಮಕ್ಕಳೊಂದಿಗೆ ಕುಳಿತು ಚಿತ್ರ ಬರೆಯುವ ಹಿರಿಯರಲ್ಲಿ, ಮಗು ಎಳೆದ ಗೆರೆಯನ್ನು ತಿದ್ದಿ ‘ಸರಿ’ ಮಾಡುವ ಆತುರ ಹೆಚ್ಚಾಗಿ ಕಾಣುತ್ತದೆ. ಆ ತಪ್ಪನ್ನು ನಾನೂ ಮಾಡಿದ್ದೇನೆ.

ಸುಮಾರು 3 ವರ್ಷಕ್ಕೆ ಮಗು ವೃತ್ತವನ್ನು ನೋಡಿ ಬರೆಯಲು ಕಲಿಯುತ್ತದೆ. ಚೌಕ 4–5 ವರ್ಷಕ್ಕೆ, ತ್ರಿಕೋನ ಇನ್ನೂ ತುಸು ತಡವಾಗಿ ಕೈಗೆ ಹತ್ತುತ್ತದೆ. ಹೀಗಿರುವಾಗ ನಾಲ್ಕರ ಮಗು ದೊಡ್ಡದೊಂದು ತಲೆ ಬರೆದು, ಮುಂಡವನ್ನು ಬಿಟ್ಟು, ಕಾಲುಗಳನ್ನು ತಲೆಯಿಂದಲೇ ಇಳಿಬಿಟ್ಟರೆ ಅದನ್ನು ತಪ್ಪೆನ್ನಲಾಗದು. ಮನುಷ್ಯನ ಚಿತ್ರವನ್ನು ಮಕ್ಕಳು ಸಾಮಾನ್ಯವಾಗಿ ಆರಂಭಿಸುವುದೇ ಹೀಗೆ. “ಹೊಟ್ಟೆ ಎಲ್ಲಿ?” ಎಂದು ಕೇಳಿ ಅದೇ ಹಾಳೆಯ ಮೇಲೆ ನಾನು ಹೊಟ್ಟೆ ಬರೆದುಕೊಟ್ಟ ಮರುದಿನದಿಂದ, ನನ್ನ ಮಗಳು “ನೀನೇ ಬರಿ” ಎಂದು ಕ್ರೇಯಾನನ್ನು ನನ್ನ ಕೈಗೇ ಕೊಡತೊಡಗಿದಳು.

ಆಮೇಲೆ ನಾನು ಬೇರೊಂದು ಹಾಳೆ ಹಿಡಿದು ಪಕ್ಕದಲ್ಲಿ ಕುಳಿತು ನನ್ನ ಪಾಡಿಗೆ ಗೀಚತೊಡಗಿದೆ. ಕೆಲವೊಮ್ಮೆ ನೆಲಕ್ಕೆ ಅಂಟಿಸಿದ ದೊಡ್ಡ ಕಾಗದದ ಮೇಲೆ ಅವಳು ಎಳೆದ ಗೆರೆಯನ್ನು ನಾನು ಮುಂದುವರಿಸುತ್ತೇನೆ, ಆದರೆ ಅವಳು ಕರೆದರೆ ಮಾತ್ರ. ಹಳದಿಗೆ ನೀಲಿ ಬೆರೆತು ಹಸಿರಾದದ್ದನ್ನು ಅವಳೇ ಕಂಡುಕೊಂಡಾಗ, ಮೊದಲೇ ಹೇಳಿಬಿಡದೆ ಸುಮ್ಮನಿದ್ದದ್ದು ಒಳ್ಳೆಯದಾಯಿತೆನಿಸಿತು. ತುಂಡಾದ ಕ್ರೇಯಾನುಗಳನ್ನು ಎಸೆಯಬೇಕಿಲ್ಲ, ಚಿಕ್ಕ ತುಂಡನ್ನು ಮಗು ಬೆರಳ ತುದಿಗಳಿಂದಲೇ ಹಿಡಿಯಬೇಕಾಗುವುದರಿಂದ ಬೆರಳುಗಳಿಗೆ ಒಳ್ಳೆಯ ಅಭ್ಯಾಸವಾಗುತ್ತದೆ. ಚಿತ್ರಕ್ಕೆ ಅಂಟಿಸಲು ಬಳಸುವ ಮಣಿ, ಗುಂಡಿಗಳನ್ನು ಮಾತ್ರ ತೀರ ಎಳೆಯರ ಕೈಗೆ ಕೊಡಬಾರದು, ಅವು ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದು.

ಅಚ್ಚಾದ ಚಿತ್ರಗಳಿಗೆ ಬಣ್ಣ ತುಂಬಿಸುವ ಪುಸ್ತಕಗಳ ಬಗ್ಗೆ ನನಗೆ ದ್ವೇಷವಿಲ್ಲ. ಆದರೆ ಗೆರೆ ದಾಟದಿರುವುದನ್ನೇ ಚಿತ್ರಕಲೆಯೆಂದು ಮಗುವಿಗೆ ಕಲಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

– ಓದುಗರೊಬ್ಬರು